ಆರು ಬೆರಳಿನ ಅಂಗಡಿಯ ಐದು

ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೂ ಒಂದು ಹೆಸರಿತ್ತು, ಚೆನ್ನಾಗಿಯೂ ಇತ್ತು. ಆದರೆ ಹಾಜರಿ ಕೂಗುವವರನ್ನು ಬಿಟ್ಟರೆ ಆ ಹೆಸರು ಯಾರ ಬಾಯಿಗೂ ಬರಲಿಲ್ಲ. ಮನೆಗೆ, ಬೀದಿಗೆ, ಅಂಗಡಿಗೆ ಅವಳು ಐದು. "ಐದೂ, ಟೀ ತಗೊಂಡ್ ಬಾರೇ." "ಐದಕ್ಕೆ ಜ್ವರ ಅಂತೆ." "ಐದು ಬಂದ್ಮೇಲೆ ಊಟ ಮಾಡೋಣ." ಹೊಸಬರು ಇದನ್ನು ಕೇಳಿ ಗೋಡೆ ಗಡಿಯಾರ ನೋಡುತ್ತಿದ್ದರು.

ವಿಷಯ ಗಡಿಯಾರದ್ದಲ್ಲ, ಬೆರಳಿನದು. ಅವಳ ಅಪ್ಪನ ಬಲಗೈಯಲ್ಲಿ ಆರು ಬೆರಳು. ಕಿರುಬೆರಳಿನ ಹೊರಪಕ್ಕಕ್ಕೆ ಇನ್ನೊಂದು ಪುಟಾಣಿ ಬೆರಳು, ಅದಕ್ಕೊಂದು ಅಕ್ಕಿಕಾಳಿನಷ್ಟು ಉಗುರು. ತಾತನಿಗೂ ಹಾಗೇ ಇತ್ತು. ಸೋದರತ್ತೆಗೂ ಇದೆ, ಅಣ್ಣನಿಗೂ ಇದೆ. ಇವಳೊಬ್ಬಳಿಗೆ ಇಲ್ಲ. ಬೇರೆ ಯಾವ ಮನೆಯಲ್ಲಾದರೂ ಐದು ಬೆರಳಿನ ಹುಡುಗಿ ಹುಟ್ಟಿದರೆ ಯಾರು ತಿರುಗಿ ನೋಡುತ್ತಾರೆ ಹೇಳಿ? ಈ ಮನೆಯಲ್ಲಿ ಮಾತ್ರ ಅದೊಂದು ದೊಡ್ಡ ಕೊರತೆಯಾಗಿ ಕೂತುಬಿಟ್ಟಿತು.

ಯಾಕೆಂದರೆ ಆ ಆರನೆಯ ಬೆರಳು ಅವರ ಅಂಗಡಿಯ ಬೋರ್ಡಿನ ಮೇಲಿತ್ತು. ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ, ಚಪ್ಪಲಿ ರಿಪೇರಿಯವನಿಗೂ ಕಾಗದ-ಪೆನ್ನಿನ ಅಂಗಡಿಗೂ ನಡುವೆ, ಮೂವರು ಒತ್ತಿಕೊಂಡು ನಿಂತರೆ ತುಂಬಿಹೋಗುವಷ್ಟು ಜಾಗ. ಮೇಲೆ ಬೋರ್ಡು: 'ಆರು ಬೆರಳು, ಬೀಗ ರಿಪೇರಿ'. ಪಕ್ಕದಲ್ಲಿ ಬೀಗದ ಕೈ ಹಿಡಿದ ಒಂದು ಅಂಗೈಯ ಚಿತ್ರ. ಪೇಂಟರ್ ಮೊದಲು ಅಭ್ಯಾಸಬಲದಿಂದ ಐದೇ ಬೆರಳು ಬರೆದು ಏಣಿ ಇಳಿದಿದ್ದನಂತೆ. ತಾತ ಅವನನ್ನು ಮತ್ತೆ ಏಣಿ ಹತ್ತಿಸಿ ಆರನೆಯದನ್ನು ಸೇರಿಸಿದ್ದ. ಅಷ್ಟರಲ್ಲಿ ಬಣ್ಣ ಮುಗಿದಿದ್ದರಿಂದ ಆ ಒಂದು ಬೆರಳು ಮಾತ್ರ ಬೇರೆ ಬಣ್ಣದ್ದಾಗಿ, ಜಾಗ ಸಾಲದೆ ಮುದುಡಿಕೊಂಡು ನಿಂತಿತ್ತು.

ಒಳಗೆ ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಹಲ್ಲು ಕೊರೆಯದ ಬೋಳು ಕೀಗಳು. ಕೀಯನ್ನು ಕಚ್ಚಿ ಹಿಡಿಯಲು ಮೇಜಿಗೆ ಬಿಗಿದ ಕಬ್ಬಿಣದ ಹಿಡಿಕೆ, ಒರಟಿನಿಂದ ನಯದವರೆಗೆ ಸಾಲಾಗಿ ಮಲಗಿಸಿದ ಉಜ್ಜುವ ಅರಗಳು, ಎಣ್ಣೆ ಡಬ್ಬಿ, ಕೀಯ ಅಚ್ಚು ಒತ್ತಿಕೊಳ್ಳಲು ಒಂದು ಮುದ್ದೆ ಮೇಣ. ಗಿರಾಕಿ ಹಟಮಾರಿ ಬೀಗವೊಂದನ್ನು ತಂದರೆ ಅಪ್ಪನ ಆಟ ಶುರು. ಬೀಗವನ್ನು ಅಂಗೈಯಲ್ಲಿ ಮಲಗಿಸಿ, ಆ ಪುಟಾಣಿ ಬೆರಳನ್ನು ಅದರ ಬೆನ್ನಿಗೆ ತಾಗಿಸಿ, ಕಣ್ಣು ಮುಚ್ಚಿ, "ಶ್..." ಎನ್ನುತ್ತಿದ್ದ. ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಟಕ್ ಎಂದು ಬೀಗ ಬಾಯಿಬಿಟ್ಟರೆ ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು, ಪಾಪ, ಐದರಲ್ಲಿ ಒಂದನ್ನು. "ಆ ಬೆರಳಿಗೆ ಬೀಗದ ಒಳಗಿಂದು ಕೇಳಿಸುತ್ತಂತೆ ಕಣ್ರೀ" ಎಂದು ಊರೆಲ್ಲ ಸುದ್ದಿ. ಎದುರು ಬೀದಿಯಲ್ಲಿ ಮೆಷಿನ್ನಿನಲ್ಲಿ ಕೀ ಕೊರೆಯುವ ಅಂಗಡಿ ಬಂದರೂ ಇವರ ವ್ಯಾಪಾರ ಕೆಡದಿದ್ದುದು ಈ ಸುದ್ದಿಯಿಂದಲೇ.

ಅಂಗಡಿಗೊಂದು ಕಟ್ಟಳೆಯಿತ್ತು. ತಾತ ಹೇಳಿಹೋದದ್ದು. ಆರು ಬೆರಳು ಯಾರಿಗಿದೆಯೋ ಅಂಗಡಿ ಅವರಿಗೆ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಟ್ಟದ್ದಕ್ಕಿಂತ ಗಟ್ಟಿಯಾಗಿ ಪಾಲಿಸುತ್ತಿದ್ದರು. ಅಂಗಡಿಯ ಬಾಗಿಲಿನ ಬೀಗವನ್ನು ತಾತ ತನ್ನ ಕೈಯಾರೆ ಮಾಡಿದ್ದ; ಅದಕ್ಕೆ ಇದ್ದುದು ಒಂದೇ ಕೀ. ನಕಲು ಕೀ ಮಾಡಿಯೇ ಬದುಕಿದ ಮನುಷ್ಯ ತನ್ನದಕ್ಕೆ ಮಾತ್ರ ನಕಲು ಮಾಡಲಿಲ್ಲ. ಆ ಕೀ ಅಪ್ಪನ ಬೆಲ್ಟಿಗೆ ನೇತಾಡುತ್ತಿತ್ತು. ಅದು ಯಾರ ಸೊಂಟದಲ್ಲಿದೆಯೋ ಅವರೇ ಯಜಮಾನರು.

ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಮನೆ ನಡೆಸಿದವಳು ಸೋದರತ್ತೆ. ಒಳ್ಳೆಯವಳೇ. ನಾಲಿಗೆ ಮಾತ್ರ ಅರಕ್ಕಿಂತ ಒರಟು. "ನಿನ್ನನ್ನ ಆಸ್ಪತ್ರೇಲಿ ಅದಲು ಬದಲು ಮಾಡಿದ್ದಾರೆ ಕಣೇ, ನಮ್ಮ ಮಗು ಎಲ್ಲೋ ಆರು ಬೆರಳಲ್ಲಿ ಊಟ ಮಾಡ್ತಿದೆ" ಎಂದು ತಲೆ ಬಾಚುವಾಗ ಹೇಳುವಳು. ತಮಾಷೆಗೇ ಹೇಳುತ್ತಿದ್ದಳು ಬಿಡಿ. ಆದರೆ ಚಿಕ್ಕ ಮಕ್ಕಳಿಗೆ ತಮಾಷೆ ಅರ್ಥವಾಗುವುದು ತಡವಾಗಿ. ಶಾಲೆಗೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಅವಳು ಅಚ್ಚಿನ ಮೇಣದಿಂದ ಒಂದು ಪುಟ್ಟ ಬೆರಳು ಮಾಡಿ, ಕಿರುಬೆರಳಿನ ಪಕ್ಕ ಅಂಟಿಸಿಕೊಂಡು ಅಂಗಡಿಗೆ ಬಂದಳು. ಕಿರುಬೆರಳಿನ ಬುಡದಲ್ಲೊಂದು ಸಣ್ಣ ಗಂಟಿತ್ತು, ಮೇಣ ಕಚ್ಚಿಕೊಳ್ಳಲು ಅನುಕೂಲವಾಯಿತು. ಅಪ್ಪ ಅದನ್ನು ನೋಡಿದವನೇ ಹೊಟ್ಟೆ ಹಿಡಿದು ನಕ್ಕ. ಚಪ್ಪಲಿಯವನನ್ನು ಕರೆದ, ಪೆನ್ನಿನವನನ್ನು ಕರೆದ, ಎಲ್ಲರೂ ನಕ್ಕರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅವಳೂ ನಕ್ಕಳು, ಆಮೇಲೆ ಮೆಟ್ಟಿಲಿನ ಹಿಂದೆ ಹೋಗಿ ಚೆನ್ನಾಗಿ ಅತ್ತಳು.

ಅಲ್ಲಿಂದ ಮುಂದೆ ಅವಳು ಅಂಗಡಿ ಬಿಡಲಿಲ್ಲ. ಊಟದ ಡಬ್ಬಿ ಕೊಡಲು ಬರುವಳು, ಕೂರುವಳು. ಹಿತ್ತಾಳೆ ಪುಡಿ ಗುಡಿಸುವಳು. ಒಂದು ದಿನ ಅರ ಹಿಡಿದಳು. ಮೊದಲ ಕೀ ಹಾಳಾಯಿತು, ಎರಡನೆಯದೂ ಹಾಳಾಯಿತು, ಮೂರನೆಯದು ಬೀಗದೊಳಗೆ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ದೊಡ್ಡವಳಾಗುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿಹೋಗಿತ್ತು: ಕಣ್ಣು ಮುಚ್ಚುವ ಆಟ ಬೇಕೆಂದರೆ ಅಪ್ಪ, ಬೀಗ ಬೇಗ ಆಗಬೇಕೆಂದರೆ ಐದು.

ಅಣ್ಣನ ಕಥೆ ಇನ್ನೊಂದು. ಆರು ಬೆರಳಿದ್ದ ತಪ್ಪಿಗೆ ಅವನನ್ನು ಹಿಡಿದು ತಂದು ಹಿಡಿಕೆಯ ಮುಂದೆ ಕೂರಿಸಿದ್ದರು. ಅವನು ಕೊರೆದ ಕೀಗಳು ಗಿರಾಕಿಗಳ ಬಾಗಿಲಲ್ಲೇ ಮುರಿಯುತ್ತಿದ್ದವು, ಮುರಿದ ತುಂಡನ್ನು ತೆಗೆಯಲು ಇವಳು ಚಿಮುಟ ಹಿಡಿದು ಓಡಬೇಕಿತ್ತು. ಅವನ ಜೀವವೆಲ್ಲ ವ್ಯಾನಿನ ಮೇಲೆ. ಸಾಮಾನು ಸಾಗಿಸುವ ಒಂದು ವ್ಯಾನ್ ಓಡಿಸುತ್ತಿದ್ದ, ಅದರ ಸ್ಟೇರಿಂಗ್ ಹಿಡಿದರೆ ಅವನ ಮುಖವೇ ಬೇರೆ. "ಅಪ್ಪಂಗೆ ಹೇಳೋ, ಅಂಗಡಿ ಬೇಡ ಅಂತ" ಎಂದು ಐದು ಎಷ್ಟು ಸಲ ತಿವಿದರೂ, "ನಾಳೆ ಹೇಳ್ತೀನಿ" ಎನ್ನುತ್ತಿದ್ದ. ಅಪ್ಪನ ಮುಂದೆ ನಿಂತರೆ ಆ ಆರಡಿ ಆಳಿಗೆ ಬಾಯಿಗೆ ಬೀಗ.

ಅವಳಿಗೆ ಬೇಕಾಗಿದ್ದುದು ಅದೊಂದೇ, ಆ ಮೆಟ್ಟಿಲಿನ ಕೆಳಗಿನ ಅಂಗೈಯಗಲದ ಜಾಗ. ಚಿನ್ನ ಬೇಡ, ಸೀರೆ ಬೇಡ, ಅಪ್ಪನ ಬೆಲ್ಟಿನ ಆ ಕೀ ಸಾಕು. ಆಸೆಯನ್ನು ಬಾಯಿಬಿಟ್ಟು ಹೇಳಿಯೂ ಇದ್ದಳು. ಅಪ್ಪ ತಲೆ ಸವರಿ, "ನೀನು ಬಾರಮ್ಮ, ಕೂರು, ಮಾಡು, ಯಾರು ಬೇಡ ಅಂದ್ರು? ಆದ್ರೆ ಬೋರ್ಡು ನೋಡು" ಎನ್ನುತ್ತಿದ್ದ.

ಅವಳ ಗಂಡ ಬಂದದ್ದೂ ಬೀಗದ ದಾರಿಯಿಂದಲೇ. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು ಅವರು. ಪ್ರಯೋಗಾಲಯದ ಬೀರುವಿನ ಕೀ ಕಳೆದುಕೊಂಡರು, ಇವಳು ಹೋಗಿ ತೆಗೆದಳು. ಮುಂದಿನ ವಾರ ಮತ್ತೆ ಕಳೆದುಕೊಂಡರು. ಅದಾದ ಮೇಲೆ ಮನೆಯ ಕೀ. "ಏನ್ರೀ ಮೇಷ್ಟ್ರೇ, ಕೀ ಕಳೆಯುತ್ತೋ ನೀವೇ ಕಳೀತೀರೋ?" ಎಂದು ಇವಳು ಕೇಳಿದಾಗ ಕಿವಿಯ ತುದಿಯವರೆಗೆ ಕೆಂಪಾದರಂತೆ. ಮದುವೆಯಾದ ಮೇಲೆ ಅವರು ಒಂದು ಕೀಯನ್ನೂ ಕಳೆದಿಲ್ಲ. ಒಳ್ಳೆಯ ಮನುಷ್ಯ. ಒಂದೇ ಕಾಯಿಲೆ, ಯಾರು ಏನು ಕೇಳಿದರೂ ಪಾಠ ಮಾಡಿಬಿಡುವುದು.

ಆ ಕಾಯಿಲೆಯೇ ಎಲ್ಲವನ್ನೂ ಕೆಡಿಸಿದ್ದು. ಅಣ್ಣನಿಗೆ ಎರಡು ಮಕ್ಕಳಾಗಿದ್ದವು, ಎರಡಕ್ಕೂ ಐದೈದೇ ಬೆರಳು. ಮೊದಲನೆಯದು ಹುಟ್ಟಿದಾಗ ಅಪ್ಪ ಮುಖ ಊದಿಸಿಕೊಂಡ, ಎರಡನೆಯದು ಹುಟ್ಟಿದಾಗ ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋಗಿ ಬಾಗಿಲು ಎಳೆದುಕೊಂಡು ಕೂತ. ವಂಶದ ಬೆರಳು ನಿಂತೇ ಹೋಯಿತೆಂದು ಸೋದರತ್ತೆ ಸೆರಗಿಗೆ ಮೂಗು ಒರೆಸಿಕೊಂಡಳು. ಇತ್ತ ಐದು ತುಂಬು ಗರ್ಭಿಣಿ. ಹೊಟ್ಟೆ ಹಿಡಿಕೆಗೆ ತಾಗುತ್ತದೆಂದು ಒಂದು ಪಕ್ಕಕ್ಕೆ ತಿರುಗಿ ಕೂತು ಕೀ ಉಜ್ಜುತ್ತಿದ್ದಳು. ಒಂದು ಸಂಜೆ ಮೇಷ್ಟ್ರು ಅವಳನ್ನು ಕರೆದೊಯ್ಯಲು ಬಂದಾಗ ಅಪ್ಪ ಕೇಳಿಯೇ ಬಿಟ್ಟ.

"ಮೇಷ್ಟ್ರೇ, ಇದನ್ನೆಲ್ಲ ಓದಿರೋರು ನೀವು. ನನಗೆ ಒಂದು ವಿಷಯ ಹೇಳಿ. ಈ ಬೆರಳು ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮೊದಲೇ ಗೊತ್ತಾಗುತ್ತಾ?"

ಮೇಷ್ಟ್ರ ಕಣ್ಣು ಅರಳಿತು. "ಯಾಕೆ ಗೊತ್ತಾಗಲ್ಲ ಮಾವ! ಬನ್ನಿ ಇಲ್ಲಿ" ಎಂದವರೇ ಗೋಡೆಯಿಂದ ಒಂದು ಹಿತ್ತಾಳೆ ಕೀ, ಒಂದಷ್ಟು ಸ್ಟೀಲ್ ಕೀ ತೆಗೆದು ಮೇಜಿನ ಮೇಲೆ ಹರಡಿದರು. "ಬೆರಳಿನ ಲೆಕ್ಕಕ್ಕೆ ಪ್ರತಿಯೊಬ್ಬರ ಹತ್ರಾನೂ ಎರಡು ಕೀ ಇರುತ್ತೆ ಅಂದ್ಕೊಳ್ಳಿ. ಒಂದು ಅಪ್ಪ ಕೊಟ್ಟಿದ್ದು, ಒಂದು ಅಮ್ಮ ಕೊಟ್ಟಿದ್ದು. ಹಿತ್ತಾಳೆ ಅಂದ್ರೆ ಆರು, ಸ್ಟೀಲ್ ಅಂದ್ರೆ ಐದು. ಹಿತ್ತಾಳೆದು ಜೋರು. ಎರಡರಲ್ಲಿ ಅದೊಂದಿದ್ರೂ ಸಾಕು, ಆರು ಬೆರಳು ಬರುತ್ತೆ."

"ಹಾಗಾದ್ರೆ ನನ್ನ ಹತ್ರ ಎರಡೂ ಹಿತ್ತಾಳೆ" ಎಂದ ಅಪ್ಪ, ಎದೆಯುಬ್ಬಿಸಿ.

"ಇಲ್ಲ ಮಾವ. ನಿಮ್ಮಮ್ಮನಿಗೆ ಐದೇ ಬೆರಳಿತ್ತಲ್ಲ? ಅಂದ್ರೆ ಅವರ ಹತ್ರ ಬರೀ ಸ್ಟೀಲು. ಅವರು ನಿಮಗೆ ಕೊಟ್ಟಿದ್ದೂ ಸ್ಟೀಲು. ನಿಮ್ಮದು ಒಂದು ಹಿತ್ತಾಳೆ, ಒಂದು ಸ್ಟೀಲು."

ಅಪ್ಪನ ಎದೆ ಸ್ವಲ್ಪ ಇಳಿಯಿತು. ಮೇಷ್ಟ್ರು ಮೇಜಿನ ಮೇಲಿನ ಹಿತ್ತಾಳೆ ಪುಡಿಯಲ್ಲಿ ಬೆರಳಿನಿಂದ ಒಂದು ಚೌಕ ಎಳೆದು, ಅದನ್ನು ನಾಲ್ಕು ಮನೆ ಮಾಡಿದರು. ಮಗುವಿಗೆ ಕೊಡುವಾಗ ತಂದೆ ತಾಯಿ ಇಬ್ಬರೂ ಕಣ್ಣು ಮುಚ್ಚಿಕೊಂಡು ಒಂದೊಂದು ಕೀ ಕೊಡುತ್ತಾರೆ, ಆರಿಸಿ ಕೊಡುವ ಹಾಗಿಲ್ಲ. ಐದರ ಅಮ್ಮನಿಗೆ ಐದೇ ಬೆರಳು, ಅವಳ ಕಡೆಯಿಂದ ಎರಡೂ ಸ್ಟೀಲು. ಮಾವನ ಕಡೆಯಿಂದ ಹಿತ್ತಾಳೆಯೂ ಬರಬಹುದು, ಸ್ಟೀಲೂ ಬರಬಹುದು. ನಾಲ್ಕು ಮನೆಯಲ್ಲಿ ಎರಡಕ್ಕೆ ಹಿತ್ತಾಳೆ ಬಿತ್ತು, ಎರಡಕ್ಕೆ ಬೀಳಲಿಲ್ಲ. "ಅರ್ಧಕ್ಕರ್ಧ. ನಿಮ್ಮ ಮಗನಿಗೆ ಹಿತ್ತಾಳೆ ಸಿಕ್ತು, ಮಗಳಿಗೆ ಸಿಗಲಿಲ್ಲ. ಇದರಲ್ಲಿ ಅದಲು ಬದಲೂ ಇಲ್ಲ, ಯಾರ ತಪ್ಪೂ ಇಲ್ಲ."

ಐದಕ್ಕೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷಕ್ಕೆ ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ, ನೀನು ಈ ಮನೆಯವಳೇ ಎಂದು! ಅಲ್ಲಿಗೆ ನಿಲ್ಲಿಸಿದ್ದರೆ ಮೇಷ್ಟ್ರಿಗೆ ರಾತ್ರಿ ಒಳ್ಳೆಯ ಊಟ ಸಿಗುತ್ತಿತ್ತು.

"ಅರ್ಧ ಅಂದ್ರೆ ಎರಡರಲ್ಲಿ ಒಂದು. ಮಗನಿಗೆ ಎರಡು ಮಕ್ಕಳು, ಒಂದಕ್ಕಾದ್ರೂ ಬರಬೇಕಿತ್ತಲ್ಲ?" ಅಪ್ಪ ಬಿಡಲಿಲ್ಲ.

"ಹಾಗಲ್ಲ ಮಾವ. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ಹಿಂದಿನ ಸಲ ಏನು ಬಿತ್ತು ಅಂತ ನಾಣ್ಯಕ್ಕೆ ನೆನಪಿರಲ್ಲ. ಎರಡಕ್ಕೂ ಐದೇ ಬರೋದು ನಾಲ್ಕರಲ್ಲಿ ಒಂದು ಸಲ ಆಗೋ ವಿಷಯ, ಏನೂ ವಿಶೇಷ ಇಲ್ಲ. ಮೂರನೇದು ಹುಟ್ಟಿದ್ರೆ ಅದಕ್ಕೂ ಅರ್ಧ ಅವಕಾಶ ಇದ್ದೇ ಇದೆ."

"ಮತ್ತೆ ಇವಳಿಗೆ ಹುಟ್ಟೋ ಮಗುಗೆ?"

ಲೆಕ್ಕ ಬಾಯಿಗೆ ಬಂದಿತ್ತು, ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಇವಳ ಹತ್ರ ಎರಡೂ ಸ್ಟೀಲು. ನನ್ನ ಹತ್ರಾನೂ ಎರಡೂ ಸ್ಟೀಲು. ನಾಲ್ಕು ಮನೆಯೂ ಸ್ಟೀಲೇ. ಸೊನ್ನೆ ಮಾವ, ಸೊನ್ನೆ!" ಎಂದು, ಉತ್ತರ ಸರಿಬಂದ ಸಂತೋಷಕ್ಕೆ ಸೀಮೆಸುಣ್ಣ ಒರೆಸಿಕೊಳ್ಳುವವರಂತೆ ಅಂಗೈ ಉಜ್ಜಿಕೊಂಡರು.

ಅಪ್ಪ ಆ ನಾಲ್ಕು ಮನೆಗಳನ್ನೇ ನೋಡಿದ. ಆಮೇಲೆ ಅಂಗೈಯಿಂದ ಪುಡಿಯನ್ನು ಸವರಿಹಾಕಿ ಹೇಳಿದ, "ಅಲ್ಲಿಗೆ ಮುಗೀತು. ಬರೋದಿದ್ರೆ ಮಗನ ಕಡೆಯಿಂದಲೇ ಬರಬೇಕು. ನನ್ನ ಕಣ್ಣೂ ಮಂಜಾಗ್ತಿದೆ. ಮುಂದಿನ ತಿಂಗಳು ಒಂದನೇ ತಾರೀಕು ಕೀ ಅವನ ಕೈಗೆ ಕೊಟ್ಟುಬಿಡ್ತೀನಿ."

ಐದು ಉಜ್ಜುತ್ತಿದ್ದ ಅರ ನಿಂತಿತು. ಅದನ್ನು ಮೇಜಿನ ಮೇಲಿಟ್ಟು ಎದ್ದಳು. ದಾರಿಯಲ್ಲಿ ಮೇಷ್ಟ್ರು ಏನೇನೋ ಮಾತು ತೆಗೆದರು, ಇವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆಯ ಬಾಗಿಲ ಹತ್ತಿರ ತಿರುಗಿ ನಿಂತಳು. "ನಿಮ್ಮ ಪಾಠ ಮಾಡೋದಕ್ಕೆ ಬೇರೆ ಜಾಗವೇ ಸಿಗಲಿಲ್ವಾ?"

"ಸುಳ್ಳು ಹೇಳ್ಬೇಕಿತ್ತಾ ನಾನು?"

"ಸುಳ್ಳು ಯಾಕೆ ಹೇಳ್ತೀರಿ. ಬಾಯಿ ಮುಚ್ಕೊಂಡಿದ್ದಿದ್ರೆ ಅದೇನು ಸುಳ್ಳಾಗ್ತಿರಲಿಲ್ಲ."

ಮೇಷ್ಟ್ರಿಗೆ ಆಗ ತಲೆಗೆ ಹೊಳೆಯಿತು, ತಾನು ಲೆಕ್ಕ ಬಿಡಿಸಿದ್ದಲ್ಲ, ಹೆಂಡತಿಯ ಅಂಗಡಿಗೆ ಬೀಗ ಜಡಿದದ್ದು ಎಂದು. ಮರುದಿನ ಹೋಗಿ ಮಾವನ ಹತ್ತಿರ ಗೋಗರೆದರು, ಬೆರಳಿಗೂ ಕೆಲಸಕ್ಕೂ ಸಂಬಂಧವಿಲ್ಲ ಮಾವ ಎಂದರು. ಅಪ್ಪ ಬೋರ್ಡಿನ ಕಡೆ ಕೈ ತೋರಿಸಿದ. ಐದು ಮಾತ್ರ ಎಂದಿನಂತೆ ಅಂಗಡಿಗೆ ಬಂದಳು. ಬರದಿದ್ದರೆ ಅಳು ಬರುತ್ತಿತ್ತು. ಪ್ರತಿ ಕೀ ಕೊರೆಯುವಾಗಲೂ ಇದು ಇನ್ನು ಅಣ್ಣನ ಅಂಗಡಿಯ ಕೀ ಎಂದು ನೆನಪಾಗಿ, ಹೊಟ್ಟೆಯಲ್ಲಿ ಮಗು ಒದ್ದಾಗ, "ನೀನೂ ಐದೇ ಕಂದಾ, ನಾವಿಬ್ಬರೂ ಹೊರಗಿನೋರು" ಎಂದು ಪಿಸುಗುಡುತ್ತಿದ್ದಳು. ಸಂಕಟವಾಗುತ್ತಿತ್ತು ಅವಳಿಗೆ, ಸುಮ್ಮನೆ ಯಾಕೆ ಮುಚ್ಚಿಡಲಿ.

ತಿಂಗಳು ಮುಗಿಯುವ ಮೊದಲೇ ಒಂದು ಬೆಳಗ್ಗೆ, ಪೆಟ್ಟಿಗೆಯೊಂದರ ಕೀ ಉಜ್ಜುತ್ತಿದ್ದಾಗಲೇ ನೋವು ಬಂತು. ಚಪ್ಪಲಿಯವನು ಗಾಬರಿಯಾಗಿ ಹೋಗಿ ಅಣ್ಣನ ವ್ಯಾನ್ ಕರೆದು ತಂದ. ಇವಳೋ, "ತಡಿಯೋ, ಇನ್ನೊಂದೇ ಹಲ್ಲು ಬಾಕಿ ಇದೆ" ಎಂದು ಹಲ್ಲು ಕಚ್ಚಿಕೊಂಡು ಕೀಯ ಹಲ್ಲು ಮುಗಿಸಿಯೇ ಎದ್ದಳು. ಅಣ್ಣ ಆ ದಿನ ವ್ಯಾನ್ ಓಡಿಸಿದ್ದನ್ನು ನೋಡಬೇಕಿತ್ತು. ಒಂದು ಗುಂಡಿಗೂ ಚಕ್ರ ಇಳಿಸದೆ, ಒಂದು ಸಲವೂ ಗಕ್ಕನೆ ನಿಲ್ಲಿಸದೆ, ನೀರು ತುಂಬಿದ ಲೋಟ ಇಟ್ಟುಕೊಂಡವನಂತೆ ಆಸ್ಪತ್ರೆ ಮುಟ್ಟಿಸಿದ. ಹಿಂದಿನ ಸೀಟಿನಲ್ಲಿ ನರಳುತ್ತಲೇ ಅವಳು, "ಲೋ, ನಿನ್ನ ಕೈಗೆ ಅರ ಕೊಟ್ಟೋರಿಗೆ ಬುದ್ಧಿ ಇಲ್ಲ ಕಣೋ" ಎಂದಳು. ಅವನಿಗೆ ಅದು ಹೊಗಳಿಕೆ ಎಂದು ಅರ್ಥವಾಯಿತು.

ಮಧ್ಯಾಹ್ನ ಮಗು ಹುಟ್ಟಿತು. ಹೆಣ್ಣು. ನರ್ಸಮ್ಮ ಒರೆಸಿ ಬಟ್ಟೆ ಸುತ್ತಿ ತಂದವಳು ಬಾಗಿಲಲ್ಲೇ ನಿಂತು ಮಗುವಿನ ಬಲಗೈ ಬಿಡಿಸಿ ನೋಡಿದಳು. ಇನ್ನೊಮ್ಮೆ ನೋಡಿದಳು. "ಗಾಬರಿ ಆಗ್ಬೇಡಿ, ಮಗು ಚೆನ್ನಾಗಿದೆ. ಒಂದು ಬೆರಳು ಜಾಸ್ತಿ ಇದೆ ಅಷ್ಟೇ."

ಮೇಷ್ಟ್ರು ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. ಮಗುವಿನ ಕೈ ಹಿಡಿದು ಹೆಬ್ಬೆರಳಿನಿಂದ ಎಣಿಸಿದರು. ಕಿರುಬೆರಳಿನಿಂದ ಎಣಿಸಿದರು. ಎಲ್ಲಿಂದ ಎಣಿಸಿದರೂ ಆರು. "ಇದು ಆಗೋದಕ್ಕೆ ಸಾಧ್ಯವೇ ಇಲ್ಲ" ಎಂದರು, ಮಗುವಿಗೇ.

"ಸೊನ್ನೆ ಅಂದ್ರಲ್ಲ" ಎಂದಳು ಐದು ಹಾಸಿಗೆಯಿಂದ, ಅಷ್ಟು ಸುಸ್ತಿನಲ್ಲೂ.

ಹೆರಿಗೆ ಮಾಡಿಸಿದ ಡಾಕ್ಟರಮ್ಮ ಒಳಗೆ ಬಂದು ಮಗುವನ್ನು ನೋಡಿದರು. ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿ, ತಾತ, ಅಪ್ಪ, ಅತ್ತೆ, ಅಣ್ಣ ಎಂದು ಪಟ್ಟಿ ಬಂದ ಮೇಲೆ, "ನಿಮ್ಮ ಕೈ ಕೊಡಿ" ಎಂದರು. ಐದು ಬಲಗೈ ಚಾಚಿದಳು. ಡಾಕ್ಟರಮ್ಮ ಕಿರುಬೆರಳಿನ ಬುಡದ ಹೊರಪಕ್ಕವನ್ನು ಹೆಬ್ಬೆರಳಿನಿಂದ ಸವರಿ ಒಂದೆಡೆ ನಿಲ್ಲಿಸಿದರು. "ಇದೇನಿದು?"

"ಅರ ಹಿಡಿದೂ ಹಿಡಿದೂ ಎದ್ದಿರೋ ಗಂಟು."

"ಅರ ಹಿಡಿಯೋಕೆ ಮುಂಚೆ ಇರಲಿಲ್ವಾ?"

ಇರಲಿಲ್ಲ ಎನ್ನಲು ಬಾಯಿ ತೆರೆದವಳು ಮಾತು ತಡೆದಳು. ಮೇಣದ ಬೆರಳು ಅಂಟಿಸಿಕೊಂಡ ಮಧ್ಯಾಹ್ನ ಕಣ್ಣ ಮುಂದೆ ಬಂತು. ಆಗ ಅವಳು ಅರವನ್ನು ಮುಟ್ಟಿಯೇ ಇರಲಿಲ್ಲ. ಗಂಟು ಇತ್ತು.

"ನಿಮಗೂ ಆರನೇ ಬೆರಳು ಬರೋದಕ್ಕೆ ಶುರುವಾಗಿತ್ತು. ಇಲ್ಲೇ ನಿಂತುಹೋಗಿದೆ" ಎಂದರು ಡಾಕ್ಟರಮ್ಮ. "ಕೆಲವರಲ್ಲಿ ಹೀಗಾಗುತ್ತೆ. ಅಪ್ಪ ಅಮ್ಮ ಕೊಟ್ಟಿದ್ದು ಒಳಗೆ ಹಾಗೇ ಇರುತ್ತೆ, ಹೊರಗೆ ಕಾಣಲ್ಲ. ಕೆಲವರಲ್ಲಿ ಇಷ್ಟು ಗಂಟೂ ಇರಲ್ಲ. ಮಕ್ಕಳಿಗೆ ಹೋದಾಗ ಪೂರ್ತಿ ಕಾಣಿಸಿಕೊಳ್ಳಬಹುದು. ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲೂ ಇರುತ್ತಲ್ಲ ಇದು?"

ಮೇಷ್ಟ್ರ ಕಿವಿ ಬೀರುವಿನ ಕೀ ಕಳೆದ ದಿನದಷ್ಟೇ ಕೆಂಪಾಯಿತು. "ಇದೆ. ಚೌಕ ಎಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಪ್ಯಾರಾ. ಪರೀಕ್ಷೆಗೆ ಬರಲ್ಲ ಅಂತ ಪ್ರತಿ ವರ್ಷ ಬಿಟ್ಟುಬಿಡ್ತೀನಿ." ಡಾಕ್ಟರಮ್ಮ ನಕ್ಕುಬಿಟ್ಟರು.

"ಅಂದ್ರೆ ಹಿತ್ತಾಳೆ ಕೀ ನನ್ನ ಹತ್ರ ಇತ್ತು" ಎಂದಳು ಐದು ನಿಧಾನವಾಗಿ. "ಬೀಗ ಅರ್ಧಕ್ಕೆ ತಿರುಗಿ ನಿಂತಿತ್ತು, ಅಷ್ಟೇ." ಆ ಗಂಟನ್ನು ತಾನೇ ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ಇದರ ಮೇಲೆಯೇ ಕೈಯೂರಿ ಕೆಲಸ ಮಾಡಿದ್ದಾಳೆ. ಕಣ್ಣಲ್ಲಿ ನೀರು ದಳದಳ ಇಳಿಯಿತು. ಮೇಷ್ಟ್ರು ಕರವಸ್ತ್ರ ಕೊಟ್ಟು, "ಹಾಗಿದ್ರೆ ಲೆಕ್ಕ ಬದಲಾಯ್ತು. ಮುಂದಿನ ಮಗುಗೂ ಅರ್ಧಕ್ಕರ್ಧ..." ಎಂದು ಶುರುಮಾಡಿದರು. ಕರವಸ್ತ್ರ ಅವರ ಮುಖಕ್ಕೇ ವಾಪಸ್ ಬಂತು.

ಸುದ್ದಿ ಮುಟ್ಟಿದ್ದೇ ತಡ ಅಪ್ಪ ಓಡಿಬಂದ. ಚಪ್ಪಲಿ ಒಂದು ಕಾಲಿಗೆ ಒಂದು ಥರ. ಹಿಂದೆ ಸೋದರತ್ತೆ ಏದುಸಿರು ಬಿಡುತ್ತ. ಅಪ್ಪ ಮಗುವಿನ ಅಂಗೈ ಬಿಡಿಸಿದ, ಎಣಿಸಿದ, ಬಾಯಿ ತುಂಬ ನಕ್ಕ. ಮೇಷ್ಟ್ರು ಗಂಟಿನ ವಿಷಯವನ್ನೂ ಹೇಳಿದರು. ಅಪ್ಪ ಮಗಳ ಕೈ ಎಳೆದು ತಡವಿ ನೋಡಿ, "ಅಯ್ಯೋ ಮಂಕೇ, ಇದನ್ನ ಇಷ್ಟು ವರ್ಷ ಮುಚ್ಚಿಟ್ಟಿದ್ಯಾ! ನೀನೂ ಆರೇ ಕಣೇ, ಆರೇ!" ಎಂದವನೇ ಬೆಲ್ಟಿಗೆ ಕೈ ಹಾಕಿ ಆ ಕೀಯನ್ನು ಬಿಚ್ಚಿದ. "ಒಂದನೇ ತಾರೀಕು ಯಾಕೆ? ಇವತ್ತೇ ತಗೋ. ಅಂಗಡಿ ನಿಂದು."

ಜನ್ಮವೆಲ್ಲ ಅವಳು ಕಾದದ್ದು ಈ ಮಾತಿಗೆ. ಕೈ ಚಾಚಿದರೆ ಸಾಕಿತ್ತು. ಬಾಗಿಲಲ್ಲಿ ನಿಂತ ಅಣ್ಣ, ತಗೊಳ್ಳೇ ತಗೊಳ್ಳೇ ಎಂದು ಕಣ್ಣಲ್ಲೇ ಬೇಡುತ್ತಿದ್ದ.

"ಬೇಡ ಅಪ್ಪಾ" ಎಂದಳು ಐದು.

"ಏನು?"

"ನಿನ್ನೆ ನಾನು ಕೊರೆದ ಕೀ ಸರಿ ಇತ್ತಾ?"

"ಸರಿ ಇತ್ತು."

"ಇವತ್ತು ಬೆಳಗ್ಗೆ ಕೊರೆದಿದ್ದು?"

"ಅದೂ ಸರಿ ಇತ್ತು, ಗಿರಾಕಿ ಬಂದು ತಗೊಂಡು ಹೋದ."

"ಹಾಗಿದ್ರೆ ಅವನ್ನ ಕೊರೆದಿದ್ದು ಯಾರು? ಈ ಗಂಟಾ? ಬೆಳಗ್ಗೆ ತನಕ ನಾನು ಐದು. ಐದಾಗಿದ್ದಾಗ ಕೊಡಲಿಲ್ಲ ನೀನು. ಈಗ ಒಂದು ಗಂಟು ನೋಡಿ ಕೊಡ್ತೀಯಾ? ಗಂಟಿಗೆ ಕೊಡೋದಾದ್ರೆ ನನಗೆ ಬೇಡ. ಅಣ್ಣನಿಗೇ ಕೊಡು, ಅವನದು ಉಗುರೂ ಇರೋ ಬೆರಳು."

"ಅಯ್ಯೋ, ನನ್ನನ್ನ ಯಾಕೆ ಎಳೀತೀಯ ಮಧ್ಯೆ!" ಎಂದ ಅಣ್ಣ. ಆಮೇಲೆ, ತಂಗಿಯ ಧೈರ್ಯ ಅವನಿಗೂ ತಗುಲಿತೋ ಏನೋ, ಒಂದೇ ಉಸಿರಿಗೆ ಒದರಿಬಿಟ್ಟ. "ಅಪ್ಪಾ, ನಂಗೆ ಅಂಗಡಿ ಬೇಡ. ಯಾವತ್ತೂ ಬೇಕಾಗಿರಲಿಲ್ಲ. ನಂಗೆ ವ್ಯಾನ್ ಸಾಕು."

ಅಪ್ಪ ಕೀ ಹಿಡಿದುಕೊಂಡು ಹಾಸಿಗೆಯ ತುದಿಯಲ್ಲಿ ಕೂತ. ತನ್ನ ಬಲಗೈಯನ್ನೇ ತಿರುವಿ ತಿರುವಿ ನೋಡಿಕೊಂಡ. ಕೊನೆಗೆ ಎಡಗೈಯಿಂದ ಆ ಪುಟಾಣಿ ಬೆರಳನ್ನು ಅಂಗೈಯ ಹಿಂದಕ್ಕೆ ಮಡಚಿ ಹಿಡಿದು, ಉಳಿದದ್ದನ್ನು ಮಗಳ ಮುಂದೆ ಚಾಚಿದ.

"ಎಣಿಸು."

"ಏನಪ್ಪಾ ಇದು..."

"ಎಣಿಸಮ್ಮ."

"ಐದು."

"ಬೀಗ ತೆಗೆದಿದ್ದೆಲ್ಲ ಇವೇ" ಎಂದ ಅಪ್ಪ. ಧ್ವನಿ ತಗ್ಗಿತ್ತು. "ಇದನ್ನ ಚಿವುಟಿದ್ರೆ ನೋವಾಗುತ್ತೆ, ಚಳಿಗೆ ತಣ್ಣಗಾಗುತ್ತೆ, ಅಷ್ಟೇ. ಬೀಗದ ಒಳಗಿನ ಸುದ್ದಿ ಇದಕ್ಕೆ ಒಂದು ದಿನವೂ ತಿಳಿದಿಲ್ಲ. ಕಣ್ಣು ಮುಚ್ಚೋದು, ಶ್ ಅನ್ನೋದು, ಅದೆಲ್ಲ ಗಿರಾಕಿಗೆ. ನಮ್ಮಪ್ಪ ತನಗೆ ಕೇಳಿಸುತ್ತೆ ಅಂತಿದ್ದ. ನನಗ್ಯಾಕೆ ಕೇಳಿಸಲ್ಲ ಅಂತ ಚಿಕ್ಕಂದಿನಲ್ಲಿ ಎಷ್ಟು ಅತ್ತಿದ್ದೀನಿ ಗೊತ್ತಾ? ನನ್ನಲ್ಲೇ ಏನೋ ಐಬು ಅಂದ್ಕೊಂಡೆ. ಅವನನ್ನ ಕೇಳೋಕೆ ಧೈರ್ಯ ಬರಲಿಲ್ಲ, ನಿಮಗೆ ಹೇಳೋಕೂ ಬರಲಿಲ್ಲ." ಕೀ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡ. "ನಾನೂ ಐದೇ ಕಣಮ್ಮ."

ಮೆಟ್ಟಿಲಿನ ಹಿಂದೆ ತಾನೊಬ್ಬಳೇ ಅತ್ತಿದ್ದು ಎಂದುಕೊಂಡಿದ್ದಳಲ್ಲ! ಅಪ್ಪನ ಆ ಐದು ಬೆರಳನ್ನೂ ತನ್ನ ಮುಷ್ಟಿಯೊಳಗೆ ತೆಗೆದುಕೊಂಡಳು. ಅಪ್ಪ ಇನ್ನೊಂದು ಕೈಯ ಕೀಯನ್ನು ನಡುವೆ ಸಿಕ್ಕಿಸಿದ. ಈ ಸಲ ಅವಳು ಬೇಡ ಎನ್ನಲಿಲ್ಲ.

ಆಮೇಲೆ ಎಲ್ಲ ಎಂದಿನಂತೆ ಗದ್ದಲ. ಮಗುವನ್ನು ಮಡಿಲಿಗೆ ಹಾಕಿಕೊಂಡ ಸೋದರತ್ತೆ, "ನಮ್ಮ ಆರು ಬಂದ್ಲು, ನನ್ನ ಆರು, ನನ್ನ ಬಂಗಾರ" ಎಂದು ರಾಗ ತೆಗೆದಳು. "ಅತ್ತೆ, ಆ ಮಗೂಗೆ ನಂಬರ್ ಇಡ್ಬೇಡಿ. ಹೆಸರಿಟ್ಟು ಹೆಸರಲ್ಲೇ ಕರೀರಿ" ಎಂದು ಐದು ಖಡಾಖಂಡಿತವಾಗಿ ಹೇಳಿದಳು. ಅತ್ತೆ ಮೂಗು ಮುರಿದಳು, ಆದರೆ ಪಾಲಿಸಿದಳು.

ಅಪ್ಪನ ತಲೆಯಲ್ಲಿ ಈ ಮಾತು ಕೂತಿತ್ತೆಂದು ಕಾಣುತ್ತದೆ. ಐದು ಮತ್ತೆ ಅಂಗಡಿಗೆ ಬಂದ ದಿನ, ಅವಳೇ ಅಪ್ಪ ಕೊಟ್ಟ ಕೀಯಿಂದ ತಾತನ ಬೀಗ ತೆಗೆದು, ಹಿಡಿಕೆಯ ಮುಂದೆ ಕೂತು, ಗಿರಾಕಿಯ ಬೀಗವೊಂದನ್ನು ಬಿಚ್ಚುತ್ತಿದ್ದಳು. ಮಗು ಬುಟ್ಟಿಯಲ್ಲಿ ಮಲಗಿತ್ತು. ಅಪ್ಪ ಬೀದಿಗೆಲ್ಲ ಕೇಳುವಂತೆ ಹಾಜರಿ ಪುಸ್ತಕದ ಆ ಹೆಸರನ್ನು ಹಿಡಿದು ಕರೆದ. ಅವಳು ತಲೆಯೆತ್ತಲಿಲ್ಲ. ಇನ್ನೊಮ್ಮೆ ಕರೆದ. ಅವಳು ಆಗ ತಿರುಗಿ, ಯಾರೋ ಗಿರಾಕಿ ಬಂದಳೆಂದು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ನಿನ್ನನ್ನೇ ಕಣಮ್ಮ ಕರೆದಿದ್ದು" ಎಂದ ಅಪ್ಪ ಸಂಕೋಚದಿಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ಒದ್ದೆಯಾಯಿತು.

"ಐದು ಅಂತಲೇ ಕರಿ ಅಪ್ಪಾ" ಎಂದಳು, ಮತ್ತೆ ಬೀಗದ ಮೇಲೆ ಬಾಗುತ್ತ. "ಈಗ ನಾನೂ ನೀನೂ ಇಬ್ಬರಿದ್ದೀವಲ್ಲ."